ಇಂಗ್ಲೆಂಡಿನ ಸಮಾನವಾಸದ ಬಾಡಿಗೆ ಮನೆಗಳು: ಲೈಸೆನ್ಸಿನ ನಿಬಂಧನೆಗಳೂ ‘ಸಂಸಾರ’ ಶಬ್ದದ ಶಾಸನಾರ್ಥವೂ

ಪರಸ್ಪರ ಬಂಧುತ್ವವಿಲ್ಲದ ಹಲವರು ಒಂದೇ ಮನೆಯನ್ನು ಬಾಡಿಗೆಗೆ ಹಿಡಿದು, ಮಲಗುವ ಕೋಣೆಗಳನ್ನು ಬೇರೆಬೇರೆಯಾಗಿ ಹಂಚಿಕೊಂಡು, ಅಡುಗೆಮನೆ ಬಚ್ಚಲುಮನೆಗಳನ್ನು ಸಮಾನವಾಗಿ ಬಳಸುತ್ತ ವಾಸಮಾಡುವ ಪದ್ಧತಿಯು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಉಂಟು. ವಿದ್ಯಾರ್ಥಿಗಳಿಗೂ, ಹೊಸದಾಗಿ ಉದ್ಯೋಗಕ್ಕೆ ಸೇರಿದವರಿಗೂ, ಅಲ್ಪ ವರಮಾನದವರಿಗೂ ಅಲ್ಲಿ ಇಂಥ ಮನೆಯೇ ಆಶ್ರಯ. ಇದನ್ನು ನಮ್ಮ ವಠಾರದೊಡನೆ ಹೋಲಿಸುವುದು ಸರಿಯಲ್ಲ. ವಠಾರದಲ್ಲಿ ಮನೆಗಳು ಬೇರೆ, ಅಂಗಳವೊಂದೇ ಸಮಾನ. ಇಲ್ಲಿಯಾದರೋ ಮನೆಯೇ ಸಮಾನ. ಇಂಥ ಮನೆಯ ಒಡೆಯನು ಸ್ಥಳೀಯ ಕೌನ್ಸಿಲಿನಿಂದ ಲೈಸೆನ್ಸು ಪಡೆಯಬೇಕೆ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಆಡಳಿತದ ಒಂದು ಸಣ್ಣ ವಿಷಯವೆಂದು ತೋರುವುದು. ಆದರೆ ಅದರ ನಿರ್ಣಯವು ಗೋಡೆ ಛಾವಣಿಗಳನ್ನು ಮಾತ್ರವಲ್ಲದೆ ‘ಸಂಸಾರ’ವೆಂಬ ಒಂದು ಪದದ ಅರ್ಥವನ್ನೂ ಅವಲಂಬಿಸಿರುವುದರಿಂದ ಭಾಷೆಯ ವಿಷಯದಲ್ಲಿ ಆಸಕ್ತರಾದವರಿಗೂ ಇದು ವಿಚಾರಾರ್ಹವಾಗಿದೆ.

೧. ಪೂರ್ವವೃತ್ತಾಂತ

ಅಪರಿಚಿತರು ಒಂದೇ ಸೂರಿನಡಿ ತಂಗುವ ಸ್ಥಳಗಳನ್ನು ಸರ್ಕಾರವು ಪರಿಶೀಲಿಸಬೇಕೆಂಬ ಭಾವನೆಯು ಆ ದೇಶದಲ್ಲಿ ಹೊಸದಲ್ಲ. ೧೮೫೧ರಲ್ಲಿ ಆಷ್ಲಿ ಪ್ರಭುವಿನ (ಅದೇ ವರ್ಷ ಈತನು ಷಾಫ್ಟ್ಸ್‌ಬರಿಯ ಅರ್ಲ್ ಪದವಿಗೆ ಬಂದನು) ಪ್ರಯತ್ನದಿಂದ ಸಾಮಾನ್ಯ ತಂಗುಮನೆಗಳ ಶಾಸನವು ಹೊರಟಿತು. ತಂಗುಮನೆ ನಡೆಸುವವನು ಅದನ್ನು ರಿಜಿಸ್ಟರು ಮಾಡಿಸಬೇಕು, ಪರೀಕ್ಷೆಗೆ ತೆರೆದಿಡಬೇಕು, ವರ್ಷಕ್ಕೆ ಎರಡು ಸಲ, ಏಪ್ರಿಲ್ ಅಕ್ಟೋಬರುಗಳಲ್ಲಿ, ಗೋಡೆಗಳಿಗೆ ಸುಣ್ಣ ಬಳಿಸಬೇಕು ಎಂಬಿವು ಅದರ ವಿಧಿಗಳು. ೧೮೬೬ರ ನೈರ್ಮಲ್ಯ ಶಾಸನವು ಕೋಣೆಕೋಣೆಯಾಗಿ ಬಾಡಿಗೆಗೆ ಕೊಟ್ಟ ಮನೆಗಳಲ್ಲಿಯೂ ಜನಸಂಖ್ಯೆಯನ್ನು ಗೊತ್ತುಪಡಿಸುವ ಅಧಿಕಾರಕ್ಕೆ ಅವಕಾಶವಿತ್ತಿತು. ಈಗ ನಡೆಯುತ್ತಿರುವ ಪದ್ಧತಿಗೆ ಆಧಾರವು ೨೦೦೪ರ ಗೃಹಶಾಸನ. ಅದರಂತೆ ಲೈಸೆನ್ಸಿನ ಕ್ರಮವು ೨೦೦೬ನೆಯ ಏಪ್ರಿಲ್ ತಿಂಗಳಿಂದ ಜಾರಿಗೆ ಬಂದಿತು.

೨. ‘ಸಂಸಾರ’ ಎಂದರೇನು?

ಮೂವರು ಅಥವಾ ಹೆಚ್ಚು ಮಂದಿ, ಎರಡು ಅಥವಾ ಹೆಚ್ಚು ಸಂಸಾರಗಳಿಗೆ ಸೇರಿದವರಾಗಿ, ಬಾಡಿಗೆ ತೆತ್ತು, ಅಡುಗೆಮನೆ, ಸ್ನಾನಗೃಹ, ಶೌಚಗೃಹ ಇವುಗಳಲ್ಲಿ ಒಂದನ್ನಾದರೂ ಸಮಾನವಾಗಿ ಬಳಸುವರಾದರೆ, ಅದು ಸ್ಥೂಲವಾಗಿ ಶಾಸನದ ದೃಷ್ಟಿಯಲ್ಲಿ ಬಹುಸಂಸಾರವಾಸದ ಮನೆಯೆನಿಸುವುದು. ವಿದ್ಯಾರ್ಥಿಯ ಸ್ವಂತ ಮನೆ ಬೇರೆಲ್ಲಿದ್ದರೂ, ಪೂರ್ಣಕಾಲದ ವ್ಯಾಸಂಗಕ್ಕಾಗಿ ಇರುವ ಬಿಡಾರವನ್ನೇ ಅವನ ಮುಖ್ಯವಾಸವೆಂದು ಭಾವಿಸತಕ್ಕದ್ದೆಂದು ವಿಧಿಯಿದೆ.

ಸಂಸಾರವೆಂಬುದಕ್ಕೆ ಶಾಸನವು ಕೊಡುವ ಲಕ್ಷಣವು ರಕ್ತಸಂಬಂಧ ದಾಂಪತ್ಯಗಳನ್ನು ಮುಖ್ಯವಾಗಿ ಹಿಡಿದಿದೆ. ಗಂಡಹೆಂಡಿರು, ಅವರಂತೆ ಕೂಡಿಬಾಳುವವರು, ತಂದೆತಾಯಿ, ಅಜ್ಜ ಅಜ್ಜಿ, ಮಕ್ಕಳು ಮೊಮ್ಮಕ್ಕಳು, ಒಡಹುಟ್ಟಿದವರು, ಚಿಕ್ಕಪ್ಪ ಸೋದರಮಾವಂದಿರು, ಅತ್ತೆ ಚಿಕ್ಕಮ್ಮಂದಿರು, ಅವರ ಮಕ್ಕಳು ಇವರೆಲ್ಲರೂ ಒಂದೇ ಸಂಸಾರ, ಮಲಮಕ್ಕಳೂ ಮಕ್ಕಳೇ. ಸ್ನೇಹಿತರಾದರೋ ಎಷ್ಟು ಆಪ್ತರಾದರೂ ತಲೆಗೊಂದು ಸಂಸಾರ. ಕನ್ನಡದಲ್ಲಿ ‘ಬೇರೆ ಒಲೆ ಹೂಡಿದರು’ ಎಂದರೆ ಸಂಸಾರ ಬೇರೆಯಾಯಿತೆಂದು ಅರ್ಥ. ನಮ್ಮ ನುಡಿಯಲ್ಲಿ ಸಂಸಾರದ ಗುರುತು ಒಲೆ. ಇಂಗ್ಲೆಂಡಿನ ಈ ಶಾಸನದಲ್ಲಿ ಒಲೆಯೊಂದಾಗಿದ್ದರೂ ಸಂಸಾರಗಳು ಐದಾಗಬಹುದು. ಒಲೆ ಒಂದಾಗಿರುವುದರಿಂದಲೇ ಮನೆಯು ಶಾಸನಕ್ಕೆ ಒಳಪಡುವುದು.

೩. ಲೈಸೆನ್ಸಿನ ವಿಧಗಳು

ಮೊದಲನೆಯದು ದೇಶವ್ಯಾಪಿಯಾದ ಕಡ್ಡಾಯದ ಲೈಸೆನ್ಸು. ಮೊದಲು ಇದು ಮೂರು ಅಥವಾ ಹೆಚ್ಚು ಅಂತಸ್ತುಗಳುಳ್ಳ, ಐದು ಅಥವಾ ಹೆಚ್ಚು ಮಂದಿ ವಾಸಿಸುವ ಮನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ೨೦೧೮ನೆಯ ಅಕ್ಟೋಬರ್ ೧ರಿಂದ ಅಂತಸ್ತಿನ ನಿಯಮವನ್ನು ತೆಗೆದುಹಾಕಿದುದರಿಂದ ಐವರಿರುವ ಚಿಕ್ಕ ಮನೆಗಳೂ ಇದಕ್ಕೆ ಒಳಪಟ್ಟವು. ಎರಡನೆಯದು ಹೆಚ್ಚುವರಿ ಲೈಸೆನ್ಸು: ಮೂವರೋ ನಾಲ್ವರೋ ಇರುವ ಮನೆಗಳಿಗೂ ತನ್ನ ಸೀಮೆಯಲ್ಲಿ ಕೌನ್ಸಿಲು ಇದನ್ನು ವಿಧಿಸಬಹುದು. ಮೂರನೆಯದು ಆಯ್ದ ಪ್ರದೇಶದ ಲೈಸೆನ್ಸು. ಇದು ಸಮಾನವಾಸವಲ್ಲದ ಬಾಡಿಗೆ ಮನೆಗಳಿಗೂ ಸಲ್ಲುವುದು. ೨೦೧೩ರಲ್ಲಿ ಲಂಡನ್ನಿನ ನ್ಯೂಹ್ಯಾಮ್ ಕೌನ್ಸಿಲು ಇದನ್ನು ತನ್ನ ಇಡೀ ಸೀಮೆಯ ಮಟ್ಟದಲ್ಲಿ ಆಚರಣೆಗೆ ತಂದಿತು. ಕೊನೆಯ ಎರಡು ವಿಧಗಳನ್ನು ಗೊತ್ತುಪಡಿಸುವ ಮೊದಲು ನಿವಾಸಿಗಳ ಮತ್ತು ಒಡೆಯರ ಅಭಿಪ್ರಾಯವನ್ನು ಕೇಳಬೇಕು. ಅವುಗಳ ಅವಧಿ ಐದು ವರ್ಷಗಳನ್ನು ಮೀರತಕ್ಕದ್ದಲ್ಲ.

ಒಡೆಯನು ತನ್ನ ಸಂಸಾರದೊಡನೆ ತಾನೇ ವಾಸಿಸುತ್ತ ಇಬ್ಬರನ್ನು ಮಾತ್ರ ಇಟ್ಟುಕೊಂಡರೆ ಅದು ಬಹುಸಂಸಾರವಾಸವೆನಿಸದು. ಪ್ರಾರ್ಥನೆ ಧ್ಯಾನಾದಿಗಳಲ್ಲಿ ನಿರತವಾದ ಧಾರ್ಮಿಕ ಸಮುದಾಯದ ವಾಸಸ್ಥಾನಗಳಿಗೂ ವಿನಾಯಿತಿಯುಂಟು.

೪. ಷರತ್ತುಗಳು

ಲೈಸೆನ್ಸು ಕೊಡುವ ಮೊದಲು ಕೌನ್ಸಿಲು ನೋಡತಕ್ಕ ಮುಖ್ಯಾಂಶಗಳು ಎರಡು: ಬೇಡುವವನು ಯೋಗ್ಯನಾದ ಮನುಷ್ಯನೇ, ಮನೆಯು ಇಷ್ಟು ಮಂದಿಗೆ ತಕ್ಕದ್ದೇ ಎಂಬುದು. ೨೦೧೮ರ ನಿಯಮಗಳಂತೆ ಹತ್ತು ವರ್ಷ ಮೀರಿದ ಒಬ್ಬನು ಮಲಗುವ ಕೋಣೆಯು ೬.೫೧ ಚದರ ಮೀಟರಿಗೂ, ಇಬ್ಬರ ಕೋಣೆಯು ೧೦.೨೨ಕ್ಕೂ, ಹತ್ತರೊಳಗಿನ ಮಗುವಿನ ಕೋಣೆಯು ೪.೬೪ಕ್ಕೂ ಕಡಮೆಯಿರಕೂಡದು. ಛಾವಣಿಯು ಒಂದೂವರೆ ಮೀಟರಿಗಿಂತ ತಗ್ಗಾಗಿರುವ ಭಾಗವನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಲೈಸೆನ್ಸಿಲ್ಲದೆ ಮನೆ ನಡೆಸುವುದು ಅಪರಾಧ. ೨೦೧೬ರ ಶಾಸನವು, ಮೊಕದ್ದಮೆ ಹೂಡುವುದಕ್ಕೆ ಬದಲಾಗಿ, ೩೦,೦೦೦ ಪೌಂಡುಗಳವರೆಗೆ ದಂಡ ವಿಧಿಸುವ ಅಧಿಕಾರವನ್ನು ಕೌನ್ಸಿಲುಗಳಿಗೆ ಕೊಟ್ಟಿತು. ಕೌನ್ಸಿಲಿನ ನಿರ್ಣಯದ ಮೇಲೆ ನ್ಯಾಯಮಂಡಲಿಗೆ ಅಪೀಲು ಉಂಟು.

ಇಂಥ ಅಪೀಲುಗಳಲ್ಲಿ ನಾಟಿಂಗ್‌ಹ್ಯಾಮಿನದೊಂದು ವಿಶೇಷವಾಗಿ ಗಮನಾರ್ಹವಾದುದು. ಅಲ್ಲಿಯ ವಿದ್ಯಾರ್ಥಿಗಳ ಮನೆಗಳಲ್ಲಿ ಅಟ್ಟದ ಕೋಣೆಗಳು ಕೌನ್ಸಿಲು ತಾನೇ ಇಟ್ಟುಕೊಂಡಿದ್ದ ಅಳತೆಗಿಂತ ಚಿಕ್ಕವಾಗಿದ್ದುದರಿಂದ ಅವುಗಳಲ್ಲಿ ಯಾರೂ ಮಲಗಕೂಡದೆಂದು ಅದು ತಡೆಯಿತು. ಪೂರ್ಣಕಾಲದ ವಿದ್ಯಾರ್ಥಿಗಳು ಮಾತ್ರ ವಾಸಿಸಬೇಕು, ಕೆಳಗಿನ ಸಮಾನಸ್ಥಳಗಳನ್ನು ಎಲ್ಲರ ಬಳಕೆಗೂ ಉಳಿಸಿಡಬೇಕು ಎಂಬ ಷರತ್ತುಗಳ ಮೇಲೆ ಒಪ್ಪಿಗೆ ಕೊಡಬಹುದೇ ಎಂಬ ವಾದವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅಂಥ ಷರತ್ತು ಹಾಕುವ ಅಧಿಕಾರವುಂಟೆಂದು ೨೦೧೮ರಲ್ಲಿ ತೀರ್ಪಾಯಿತು. ಒಂದೇ ಗುಂಪಾಗಿ ಕೂಡಿಬಾಳುವವರು ಮಲಗುವ ಕೋಣೆಯ ಇಕ್ಕಟ್ಟನ್ನು ಕೆಳಗಿನ ಸಮಾನಸ್ಥಳಗಳ ಬಳಕೆಯಿಂದ ತುಂಬಿಕೊಳ್ಳಬಲ್ಲರೆಂಬುದು ಈ ವಾದದ ತಿರುಳು.

೫. ಫಲಾಫಲ

ಲೆಕ್ಕವೂ ಅಳತೆಯೂ ನಿಷ್ಕಾರಣವಲ್ಲ. ಒಬ್ಬರೊಬ್ಬರ ಪರಿಚಯ ಚೆನ್ನಾಗಿಲ್ಲದವರು ತುಂಬಿರುವ ಮನೆಗೆ ಬೆಂಕಿ ಬಿದ್ದಾಗ, ಒಳಗೆ ಯಾರಿರುವರೆಂಬುದನ್ನೇ ತಿಳಿದವರಿಲ್ಲದಿರಬಹುದು; ಮೇಲಂತಸ್ತಿನಿಂದ ಇಳಿಯುವ ದಾರಿಯಲ್ಲಿ ಸಾಮಾನು ಅಡ್ಡವಿದ್ದರೆ ಅದನ್ನು ತೆಗೆಯುವ ಹೊಣೆ ಯಾರದೆಂಬುದು ಗೊತ್ತಿರುವುದಿಲ್ಲ. ಲೈಸೆನ್ಸು ಆ ಹೊಣೆಯನ್ನು ಒಬ್ಬನ ಹೆಸರಿನ ಮೇಲೆ ನಿಲ್ಲಿಸುವುದು. ಆದರೆ ಐವರಿಗೆಂದು ಲೈಸೆನ್ಸಾದ ಮನೆಯಿಂದ ಆರನೆಯವನು ಹೊರಡಲೇಬೇಕಾಗುವುದು. ಅಗ್ಗದ ಬೇರೊಂದು ಕೋಣೆಯನ್ನು ಅವನಿಗೆ ಒದಗಿಸುವ ಶಕ್ತಿ ಲೈಸೆನ್ಸಿಗಿಲ್ಲ. ಚಿಕ್ಕ ಕೋಣೆಯ ತಪ್ಪನ್ನು ಸರಿಪಡಿಸಲು ಹದಿನೆಂಟು ತಿಂಗಳವರೆಗೆ ಅವಧಿ ಕೊಡಬಹುದೆಂಬ ವಿಧಿಯು ಈ ಕಷ್ಟವನ್ನು ಸ್ವಲ್ಪಮಟ್ಟಿಗೆ ತಗ್ಗಿಸಲೆಂದೇ ಇರುವುದು.

ಹೀಗೆ, ಲಕ್ಷಣ ಹೇಳುವಾಗ ಸ್ನೇಹಿತರನ್ನು ಬೇರೆಬೇರೆ ಸಂಸಾರಗಳೆಂದು ಎಣಿಸುವ ಶಾಸನವು, ಮನೆಯ ಯೋಗ್ಯತೆಯನ್ನು ತೂಗುವಾಗ ಅವರ ಕೂಡುಬಾಳ್ವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಎಡೆಗೊಟ್ಟಿದೆ. ಇವೆರಡಕ್ಕೂ ನಿಜವಾದ ವಿರೋಧವಿಲ್ಲ. ಮೊದಲನೆಯದು ಯಾರಿಗೆ ರಕ್ಷಣೆ ಬೇಕೆಂಬುದನ್ನು ಗೊತ್ತುಮಾಡುವುದು. ಎರಡನೆಯದು ಆ ರಕ್ಷಣೆಯಿಂದಲೇ ಅವರು ನೆಲೆ ತಪ್ಪದಂತೆ ನೋಡಿಕೊಳ್ಳುವುದು.