ಶೋಕವೂ ಕುದುರೆಯೂ: ಕೆಲವು ತಪ್ಪು ಕಲ್ಪನೆಗಳು, ಕೆಲವು ಸತ್ಯಗಳು

ಮನೆಯಲ್ಲಿ ಸಾವು ಸಂಭವಿಸಿ, ಉತ್ತರಕ್ರಿಯೆಗಳೆಲ್ಲ ಮುಗಿದು, ಬಂದಿದ್ದ ನೆಂಟರಿಷ್ಟರು ತಂತಮ್ಮ ಊರುಗಳಿಗೆ ಹಿಂದಿರುಗಿದ ಮೇಲೆಯೇ ಉಳಿದವರ ಪಾಲಿಗೆ ನಿಜವಾದ ಶೋಕ ಮೊದಲಾಗುವುದೆಂಬುದನ್ನು ಅನುಭವಿಸಿದವರೆಲ್ಲರೂ ಬಲ್ಲರು. ಅಂಥ ದಿನಗಳಲ್ಲಿ ಹಿತವಚನ ಹೇಳುವವರು ಹಲವರು. ದಿಕ್ಕಿಲ್ಲದೆ ಬೀದಿಯ ಪಾಲಾದ ಒಂದು ಕುದುರೆಯನ್ನು ತಂದು ಸಾಕಿದರೆ ಆ ಪ್ರಾಣಿಯು ನಮ್ಮ ದುಃಖವನ್ನು ತಾನೇ ಅರಿತು, ತಾನೇ ಹೀರಿಕೊಂಡು, ಮನಸ್ಸನ್ನು ಸ್ವಸ್ಥಗೊಳಿಸುವುದೆಂದು ಹೇಳುವವರೂ ಈಚೆಗೆ ಕಾಣಿಸಿಕೊಂಡಿದ್ದಾರೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದು ಅನೇಕ ತಪ್ಪು ತಿಳಿವಳಿಕೆಗಳೊಡನೆ ಬೆರೆತುಹೋಗಿದೆ. ಆ ತಪ್ಪುಗಳ ಫಲವನ್ನು ಮನುಷ್ಯನಿಗಿಂತ ಹೆಚ್ಚಾಗಿ ಕುದುರೆಯೇ ಉಣ್ಣಬೇಕಾಗಿ ಬರುವುದರಿಂದ, ಒಂದೊಂದನ್ನಾಗಿ ಬಿಡಿಸಿ ನೋಡುವುದು ಅವಶ್ಯವೆಂದು ನನಗೆ ತೋರುತ್ತದೆ.

ಚಿತ್ರಾವತಿಯ ದಡದ ಗೋರಂಟ್ಲ, ಅದರ ಸಮೀಪದ ಪೆನುಕೊಂಡೆ, ಹಿಂದೂಪುರ, ಮಡಕಶಿರಗಳು ಸೇರಿದ ಈ ಗಡಿಸೀಮೆಗೆ, ಕನ್ನಡ ತೆಲುಗುಗಳೆರಡೂ ಒಂದೇ ಜಗಲಿಯ ಮೇಲೆ ಕೇಳಿಬರುವ ಈ ನಾಡಿಗೆ, ಕುದುರೆ ಹೊಸದಲ್ಲ. 1565ರ ರಕ್ಕಸತಂಗಡಿಯ ಯುದ್ಧಾನಂತರ ವಿಜಯನಗರದ ಅರಸರು ಆಶ್ರಯ ಪಡೆದ ಪೆನುಕೊಂಡೆ ಇಲ್ಲಿಯೇ ಇದೆ. ಆ ಸಾಮ್ರಾಜ್ಯದ ಬಲವೆಲ್ಲ ಒರ್ಮುಜ್, ಏಡನ್‌ಗಳಿಂದ ಹಡಗೇರಿ ಬಂದ ಕುದುರೆಗಳನ್ನು ಬಹುಮಟ್ಟಿಗೆ ಅವಲಂಬಿಸಿತ್ತು. ಸಾಳುವ ನರಸಿಂಹನು ಸಾವಿರ ವರಹಕ್ಕೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದೂ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ಕುದುರೆಗೆ ಅಷ್ಟು ಬೆಲೆ ಕಟ್ಟಿದ ನಾಡಿನಲ್ಲಿ ಅದರ ಸ್ವಭಾವದ ವಿಷಯವಾಗಿ ಕಥೆಗಳು ಹೆಚ್ಚಿ ತಿಳಿವಳಿಕೆ ಕಡಮೆಯಾಗಿರುವುದು ವಿಷಾದಕರವಾದ ಸಂಗತಿ.

ಮೊದಲನೆಯ ನಂಬಿಕೆ, ಕುದುರೆಗೆ ನಮ್ಮ ದುಃಖ ಅರ್ಥವಾಗುತ್ತದೆ ಎಂಬುದು. ಇದನ್ನು ಪರೀಕ್ಷಿಸಲು ಬರ್ಲಿನ್ನಿನ ಹಾನ್ಸ್ ಎಂಬ ಕುದುರೆಯ ವೃತ್ತಾಂತಕ್ಕಿಂತ ಉತ್ತಮವಾದ ಸಾಧನವಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟನ್ ಎಂಬ ನಿವೃತ್ತ ಗಣಿತೋಪಾಧ್ಯಾಯರು ತಮ್ಮ ಕುದುರೆಗೆ ಲೆಕ್ಕ ಕಲಿಸಿದ್ದರು. ಅದು ಪ್ರಶ್ನೆಗೆ ತಕ್ಕ ಸಂಖ್ಯೆಯಷ್ಟು ಸಲ ಗೊರಸಿನಿಂದ ನೆಲ ತಟ್ಟಿ ಉತ್ತರ ಹೇಳುತ್ತಿತ್ತು. 1904ರಲ್ಲಿ ಪಂಡಿತರ ಸಮಿತಿಯೊಂದು ಕುಳಿತು ನೋಡಿ, ಇದರಲ್ಲಿ ಮೋಸವೇನೂ ಇಲ್ಲವೆಂದು ಒಪ್ಪಿತು. ಅನಂತರ ಆಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞನು ತಾಳ್ಮೆಯಿಂದ ಪ್ರಯೋಗಗಳನ್ನು ನಡೆಸಿ ರಹಸ್ಯವನ್ನು ಕಂಡುಹಿಡಿದು, 1907ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಪ್ರಶ್ನೆ ಕೇಳಿದವನಿಗೇ ಉತ್ತರ ತಿಳಿಯದಿದ್ದಾಗ ಹಾನ್ಸ್ ತಪ್ಪುತ್ತಿತ್ತು. ಕೇಳಿದವನು ಅದರ ಕಣ್ಣಿಗೆ ಕಾಣದಿದ್ದಾಗಲೂ ತಪ್ಪುತ್ತಿತ್ತು. ಪ್ರಶ್ನೆ ಮುಗಿದೊಡನೆ ಕೇಳುವವನ ತಲೆ ಕೂದಲೆಳೆಯಷ್ಟು ಮುಂದಕ್ಕೆ ಬಾಗುವುದನ್ನೂ, ಸರಿಯಾದ ಸಂಖ್ಯೆ ಬಂದಾಗ ಅಷ್ಟೇ ಸೂಕ್ಷ್ಮವಾಗಿ ಮೇಲಕ್ಕೇಳುವುದನ್ನೂ ಕುದುರೆ ಕಾಣುತ್ತಿತ್ತು. ಕೇಳುವವರಿಗಾದರೋ ತಾವು ಹಾಗೆ ಅಲುಗಿದ್ದೇ ತಿಳಿದಿರಲಿಲ್ಲ. ಗುಟ್ಟನ್ನು ಕಂಡುಹಿಡಿದ ಫುಂಗ್ಸ್ಟ್‌ಗೂ ಆ ಚಲನೆಯನ್ನು ತಡೆಹಿಡಿಯುವುದು ಸಾಧ್ಯವಾಗಲಿಲ್ಲ.

ಈ ಕಥೆಯನ್ನು ಕುದುರೆಯ ಬುದ್ಧಿಯನ್ನು ಹೀನೈಸುವುದಕ್ಕಾಗಿ ಹೇಳುವವರುಂಟು. ನನಗೆ ಇದರಲ್ಲಿ ಕಾಣುವುದು ವಿಸ್ಮಯವೇ. ಲೆಕ್ಕ ತಿಳಿಯದ ಪ್ರಾಣಿಯು ಮನುಷ್ಯನ ಶರೀರವನ್ನು, ಆ ಮನುಷ್ಯನಿಗಿಂತಲೂ ಚೆನ್ನಾಗಿ ಓದಿತು! ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು 2016ರಲ್ಲಿ, ಕೋಪಗೊಂಡ ಮುಖದ ಚಿತ್ರವನ್ನು ಕಂಡ ಕುದುರೆಗಳ ಹೃದಯಬಡಿತ ಬೇಗ ಏರಿತೆಂದೂ, ಅವು ಆ ಚಿತ್ರವನ್ನು ಎಡಗಣ್ಣಿನಿಂದ ನೋಡುವ ಒಲವು ತೋರಿದವೆಂದೂ ವರದಿಮಾಡಿದರು. ಒಬ್ಬ ವ್ಯಕ್ತಿಯ ಮುಖಭಾವವನ್ನು ಚಿತ್ರದಲ್ಲಿ ಕಂಡ ಕುದುರೆ, ಕೆಲವು ಗಂಟೆಗಳ ತರುವಾಯ ಆ ವ್ಯಕ್ತಿಯೇ ನಿರ್ವಿಕಾರನಾಗಿ ಎದುರಿಗೆ ಬಂದಾಗಲೂ ಅದನ್ನು ನೆನಪಿಟ್ಟಿರುವುದೆಂಬುದನ್ನು 2018ರಲ್ಲಿ ಅವರು ತೋರಿಸಿದರು. ಆದುದರಿಂದ ದುಃಖಿತನೊಬ್ಬನು ಲಾಯದ ಬಾಗಿಲಲ್ಲಿ ನಿಂತಾಗ ಅವನ ಬಿಗಿದ ಭುಜಗಳೂ, ಹಿಡಿದ ಉಸಿರೂ, ತಡವರಿಸುವ ಕೈಯೂ ಕುದುರೆಗೆ ಕಾಣುವುದರಲ್ಲಿ ಸಂದೇಹವಿಲ್ಲ. ಅವನ ತಾಯಿ ತೀರಿಕೊಂಡಳೆಂಬುದು ಮಾತ್ರ ಅದಕ್ಕೆ ತಿಳಿಯದು. ಅದಕ್ಕೆ ತಿಳಿಯುವುದು ಇಷ್ಟೆ: ಈ ಶರೀರ ನೆಮ್ಮದಿಯಲ್ಲಿಲ್ಲ, ಆದುದರಿಂದ ಸುತ್ತಲೂ ಅಪಾಯವಿರಬಹುದು. ಬೇಟೆಗೆ ಗುರಿಯಾಗುವ ಪ್ರಾಣಿಯ ಸಹಜವಾದ ಎಚ್ಚರ ಅದು. ಅದು ಹಿಂದೆ ಸರಿದರೆ ನಮ್ಮನ್ನು ತಿರಸ್ಕರಿಸಿತೆಂದಲ್ಲ. ಉಸಿರನ್ನು ಸಡಿಲಿಸಿ, ಭುಜಗಳನ್ನು ಇಳಿಬಿಟ್ಟು, ಮೆಲ್ಲನೆ ನಿಂತರೆ ಅದು ತಾನಾಗಿ ಹತ್ತಿರ ಬರುವುದುಂಟು. ಕುದುರೆಯ ಸಹವಾಸದಿಂದ ಮನಸ್ಸು ಹಗುರಾಯಿತೆಂದು ಹೇಳುವವರಲ್ಲಿ ಅನೇಕರಿಗೆ ಆದದ್ದು ಇದೇ ಇರಬೇಕೆಂದು ನನ್ನ ಊಹೆ: ಕುದುರೆಯನ್ನು ಹೆದರಿಸಬಾರದೆಂಬ ಕಾಳಜಿಯಿಂದ ಅವರು ದಿನಕ್ಕೆ ಕೆಲವು ಬಾರಿಯಾದರೂ ತಮ್ಮ ಶರೀರವನ್ನು ಶಾಂತಗೊಳಿಸಿಕೊಂಡರು. ಕುದುರೆಯ ಹೃದಯದಿಂದ ಹೊರಡುವ ಕಾಂತಕ್ಷೇತ್ರವೊಂದು ನಮ್ಮ ಹೃದಯವನ್ನು ಗುಣಪಡಿಸುವುದೆಂಬ ಪ್ರಚಾರಕ್ಕೆ ಮಾತ್ರ ಯಾವ ಆಧಾರವೂ ಇಲ್ಲ.

ಕುದುರೆ ಕಣ್ಣೀರಿಡುವುದೆಂಬ ನಂಬಿಕೆ ಬಹು ಪುರಾತನವಾದದ್ದು. ಸಿದ್ಧಾರ್ಥನನ್ನು ಅಗಲುವಾಗ ಅವನ ಕುದುರೆಯಾದ ಕಂಥಕವು ಅವನ ಪಾದಗಳನ್ನು ನೆಕ್ಕಿ ಅತ್ತಿತೆಂದು ಅಶ್ವಘೋಷನ ಕಾವ್ಯದಲ್ಲಿದೆ. ಕಾವ್ಯದಲ್ಲಿ ಅದು ಸಲ್ಲತಕ್ಕುದೇ. ಆದರೆ ಭಾವೋದ್ವೇಗದಿಂದ ಕಣ್ಣೀರು ಸುರಿಸುವುದು ಮನುಷ್ಯನಲ್ಲಿ ಹೊರತು ಬೇರೆ ಪ್ರಾಣಿಗಳಲ್ಲಿ ದೃಢಪಟ್ಟಿಲ್ಲ. ಕುದುರೆಯ ಕಣ್ಣಿನಲ್ಲಿ ನೀರು ಬಂದರೆ ಅದಕ್ಕೆ ಧೂಳು, ನೊಣ, ಮುಚ್ಚಿಕೊಂಡ ಅಶ್ರುನಾಳ, ಅಥವಾ ಕುರುಡುತನಕ್ಕೊಯ್ಯಬಲ್ಲ ಒಳಗಣ್ಣಿನ ಉರಿಯೂತ ಕಾರಣವಾಗಿರಬಹುದು. ನನ್ನೊಡನೆ ಅದೂ ಅಳುತ್ತಿದೆಯೆಂದು ಕುಳಿತವನು ಪಶುವೈದ್ಯರನ್ನು ಕರೆಯುವುದರಲ್ಲಿ ತಡಮಾಡುವನು.

ಇನ್ನು ಶೋಕದ ವಿಷಯವಾಗಿಯೇ ಇರುವ ತಪ್ಪು ಕಲ್ಪನೆ. ಶೋಕವು ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಸಮ್ಮತಿಯೆಂಬ ಐದು ಮೆಟ್ಟಿಲುಗಳನ್ನಿಳಿದು ಮುಗಿಯುವುದೆಂದೂ, ಕುದುರೆಯು ಆ ಇಳಿತವನ್ನು ತ್ವರೆಗೊಳಿಸುವುದೆಂದೂ ಹೇಳುವುದುಂಟು. ಎಲಿಸಬೆತ್ ಕ್ಯೂಬ್ಲರ್‌ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಆ ಐದು ಅವಸ್ಥೆಗಳನ್ನು ವಿವರಿಸಿದ್ದು ಮರಣೋನ್ಮುಖರಾದ ರೋಗಿಗಳನ್ನು ಕಂಡು. ಉಳಿದವರೆಲ್ಲರೂ ಅದೇ ಕ್ರಮದಲ್ಲಿ ಸಾಗುವರೆಂಬುದಕ್ಕೆ ಪ್ರಮಾಣ ದೊರೆತಿಲ್ಲ. ನೆದರ್ಲೆಂಡ್ಸಿನ ಸಂಶೋಧಕರಾದ ಸ್ಟ್ರೋಬೆ ಮತ್ತು ಷುಟ್ 1999ರಲ್ಲಿ ಮಂಡಿಸಿದ ವಿಚಾರ ಅನುಭವಕ್ಕೆ ಹೆಚ್ಚು ಸಮೀಪವಾದುದು. ದುಃಖಿತನ ಮನಸ್ಸು ಒಮ್ಮೆ ಕಳೆದುಕೊಂಡುದರ ಕಡೆಗೂ, ಒಮ್ಮೆ ಮುಂದಿನ ಬಾಳಿನ ಕೆಲಸಗಳ ಕಡೆಗೂ ತೂಗಾಡುತ್ತಿರುತ್ತದೆ. ಆ ತೂಗಾಟವೇ ಆರೋಗ್ಯದ ಲಕ್ಷಣ.

ನಮ್ಮವರಿಗೆ ಇದು ಹೊಸ ವಿಷಯವೇ ಎಂದು ಕೇಳಿದರೆ, ಅಲ್ಲವೆನ್ನಬೇಕಾಗುತ್ತದೆ. ಮಹಾಭಾರತದ ವನಪರ್ವದಲ್ಲಿ ಬಂದು, ಕನಕದಾಸರ ನಳಚರಿತ್ರೆಯಿಂದ ಕನ್ನಡಿಗರ ಮನೆಮಾತಾದ ಕಥೆಯನ್ನು ನೆನೆಯಿರಿ. ರಾಜ್ಯವನ್ನೂ ದಮಯಂತಿಯನ್ನೂ ಕಳೆದುಕೊಂಡು, ರೂಪವೂ ಮಾರ್ಪಟ್ಟು, ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನಲ್ಲಿ ಆಶ್ರಯ ಪಡೆದ ನಳನು ಅಲ್ಲಿ ಮಾಡಿದ ಕೆಲಸ ಕುದುರೆಗಳ ಪಾಲನೆ. ಹಗಲೆಲ್ಲ ಅಶ್ವಶಾಲೆಯಲ್ಲಿ ದುಡಿದ ಅವನು ಪ್ರತಿ ಸಂಜೆಯೂ ತನ್ನವಳನ್ನು ನೆನೆದು ಒಂದೇ ಶ್ಲೋಕವನ್ನು ಹೇಳಿಕೊಳ್ಳುತ್ತಿದ್ದನೆಂದೂ, ಅದನ್ನು ಕೇಳಿದ ಜೊತೆಗಾರ ಜೀವಲನು ಯಾರಿಗಾಗಿ ಹೀಗೆ ಪರಿತಪಿಸುವೆಯೆಂದು ಪ್ರಶ್ನಿಸಿದನೆಂದೂ ವ್ಯಾಸರು ಹೇಳುತ್ತಾರೆ. ಆತನದು ಮರಣದ ಶೋಕವಲ್ಲ, ಅಗಲಿಕೆಯದು. ಆದರೂ ಆ ಚಿತ್ರ ಎಷ್ಟು ಯಥಾರ್ಥವಾಗಿದೆ! ಕುದುರೆಗಳು ಅವನ ದುಃಖವನ್ನು ತೆಗೆದುಹಾಕಲಿಲ್ಲ. ಹಗಲನ್ನು ಹೊರುವ ಶಕ್ತಿಯನ್ನು ಕೊಟ್ಟವು. ಸಂಜೆಯನ್ನು ಅವನಿಗೇ ಬಿಟ್ಟವು. ರಕ್ಷಿಸಿದ ಕುದುರೆಯೊಂದರಿಂದ ದುಃಖಿತನಿಗೆ ನ್ಯಾಯವಾಗಿ ದೊರೆಯಬಹುದಾದ ಸಹಾಯ ಇದೇ ಎಂದು ನಾನು ನಂಬುತ್ತೇನೆ.

ಆದರೆ ಆ ಪಾಲನೆ ಎಂಥದೆಂಬಲ್ಲಿಯೇ ಅತ್ಯಂತ ಅಪಾಯಕರವಾದ ತಪ್ಪು ನಡೆಯುತ್ತದೆ. ಎಲುಬು ಕಾಣುವಷ್ಟು ಬಡಕಲಾಗಿ ಬಂದ ಕುದುರೆಗೆ ನಮ್ಮ ಸೀಮೆಯ ರೈತರು ಕರುಣೆಯಿಂದ ಮೊದಲು ಮಾಡುವುದು, ಬೇಯಿಸಿದ ಹುರುಳಿಯನ್ನು ಬುಟ್ಟಿ ತುಂಬ ಮುಂದಿಡುವುದು. ದೀರ್ಘಕಾಲ ಉಪವಾಸವಿದ್ದ ಶರೀರಕ್ಕೆ ಕಾಳಿನ ಪಿಷ್ಟ ಒಮ್ಮೆಲೆ ಸೇರಿದರೆ ಇನ್ಸುಲಿನ್ ಉಕ್ಕಿ, ರಕ್ತದಲ್ಲಿರುವ ರಂಜಕ, ಮೆಗ್ನೀಸಿಯಂ, ಪೊಟಾಸಿಯಂ ಲವಣಗಳು ಜೀವಕೋಶಗಳೊಳಕ್ಕೆ ಸೆಳೆಯಲ್ಪಟ್ಟು, ಕೆಲವೇ ದಿನಗಳಲ್ಲಿ ಹೃದಯವೇ ನಿಂತುಹೋಗಬಹುದು. ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲವಾದುದರಿಂದ ಹೊಟ್ಟೆಶೂಲೆಯೂ ಮಾರಕವಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ಪಶುವೈದ್ಯಕೀಯ ಸಂಶೋಧಕರು ಹಸಿದು ಬಡವಾದ ಕುದುರೆಗಳ ಮೇಲೆ ಬಗೆಬಗೆಯ ಮೇವುಗಳನ್ನು ಪರೀಕ್ಷಿಸಿ, ಕುದುರೆಮೆಂತ್ಯವೆಂದು ನಾವು ಕರೆಯುವ ಲೂಸರ್ನ್ ಒಣಮೇವೇ ಉತ್ತಮವೆಂದು ಕಂಡುಕೊಂಡರು. ಮೊದಲ ದಿನಗಳಲ್ಲಿ ಅದನ್ನು ಸುಮಾರು ಅರ್ಧ ಕಿಲೋದಷ್ಟು, ನಾಲ್ಕು ಗಂಟೆಗೊಮ್ಮೆ, ಹಗಲಿರುಳೂ ಕೊಡಬೇಕು. ಅನಂತರ ವೈದ್ಯರ ಸಲಹೆಯಂತೆ ಕ್ರಮೇಣ ಹೆಚ್ಚಿಸಬೇಕು. ಮೈ ತುಂಬಲು ಹಲವು ತಿಂಗಳುಗಳೇ ಬೇಕು. ಕಡಲೆಕಾಯಿ ಬೆಳೆಯುವ ಈ ನಾಡಿನಲ್ಲಿ ಬೂಷ್ಟು ಹಿಡಿದ ಬಳ್ಳಿಯ ಮೇವನ್ನು ದನಕ್ಕಾಗದಿದ್ದರೂ ಕುದುರೆಗಾಗುವುದೆಂದು ಹಾಕುವುದು ಇನ್ನೊಂದು ಘಾತುಕ ಅಭ್ಯಾಸ. ಆ ಬೂಷ್ಟಿನ ವಿಷ ಯಕೃತ್ತನ್ನು ಕೆಡಿಸುತ್ತದೆ.

ನಡುರಾತ್ರಿ ಎದ್ದು ಮೇವು ಹಾಕುವ ಈ ನಿಯಮವನ್ನು ನಾನು ವಿಸ್ತಾರವಾಗಿ ಬರೆದುದಕ್ಕೆ ಕಾರಣವುಂಟು. ನಿದ್ರೆ ಬಾರದ ದುಃಖಿತನಿಗೆ ಆ ಹೊತ್ತಿನಲ್ಲಿ ಒಂದು ಕೆಲಸವಿರುವುದು, ತನ್ನನ್ನು ಕಾಯುವ ಒಂದು ಜೀವವಿರುವುದು ಸಣ್ಣ ವಿಷಯವಲ್ಲ. ಮೈ ಉಜ್ಜುವುದೂ ಹಾಗೆಯೇ. ಕುದುರೆಗಳು ಒಂದನ್ನೊಂದು ಕತ್ತಿನ ಬುಡದಲ್ಲಿ, ಹೆಗಲ ಮೇಲಣ ಉಬ್ಬಿನ ಬಳಿ ಹಲ್ಲಿನಿಂದ ಕೆರೆಯುವುದುಂಟು; ಅಲ್ಲಿ ಕೆರೆದರೆ ಅವುಗಳ ಹೃದಯಬಡಿತ ಇಳಿಯುವುದೆಂದು 1993ರಲ್ಲಿ ಫ್ರಾನ್ಸಿನ ಕಮಾರ್ಗ್ ತಳಿಯ ಕುದುರೆಗಳಲ್ಲಿ ಅಳೆದು ತೋರಿಸಲಾಯಿತು. ಪ್ರೀತಿಯೆಂದು ಬೆನ್ನಿಗೆ ಫಟಫಟನೆ ತಟ್ಟುವ ಬದಲು ಅಲ್ಲಿ ಬೆರಳಾಡಿಸಿ ನೋಡಿರಿ. ಸವಾರಿಯ ಅಗತ್ಯವೇ ಇಲ್ಲ. ಬಡಕಲು ಕುದುರೆಯನ್ನು ಏರುವುದು ಕ್ರೌರ್ಯ.

ರಕ್ಷಿಸಿದ ಕುದುರೆ ಕೃತಜ್ಞತೆಯಿಂದ ನಮಗೆ ಅಂಟಿಕೊಳ್ಳುವುದೆಂಬ ನಿರೀಕ್ಷೆಯೂ ಬೇಡ. ಪೆಟ್ಟು ತಿಂದ ಕುದುರೆ ಕೋಲನ್ನೋ ಎತ್ತಿದ ಕೈಯನ್ನೋ ಕಂಡು ಒದೆಯಬಹುದು, ಕಚ್ಚಬಹುದು. ಕಿವಿಗಳನ್ನು ಹಿಂದಕ್ಕೆ ಮಡಿಸಿದರೆ ಎಚ್ಚರವಾಗಬೇಕು. ಅದರ ನೇರ ಹಿಂಬದಿ ಅದಕ್ಕೆ ಕಾಣದ ಜಾಗವಾದುದರಿಂದ ಅಲ್ಲಿ ನಿಲ್ಲಬಾರದು. ಲಾಯದ ಮಣ್ಣಿನಲ್ಲಿ ಧನುರ್ವಾಯುವಿನ ಬೀಜಾಣುಗಳಿರುವುದರಿಂದ ಮನುಷ್ಯನೂ ಕುದುರೆಯೂ ಲಸಿಕೆ ಹಾಕಿಸಿಕೊಂಡಿರಬೇಕು. ಹೊಸದಾಗಿ ಬಂದ ಕುದುರೆಯ ರಕ್ತವನ್ನು ಗ್ಲ್ಯಾಂಡರ್ಸ್ ರೋಗಕ್ಕಾಗಿ ಪರೀಕ್ಷಿಸದೆ ಹತ್ತಿರ ಸೇರಿಸಕೂಡದು. ಅದು ಮನುಷ್ಯನಿಗೂ ಹರಡುವ ಮಾರಕ ವ್ಯಾಧಿ.

ರಕ್ಷಣೆಯೆಂದರೆ ಬದುಕಿಸುವುದೇ ಎಂಬ ಭಾವನೆಯನ್ನೂ ತಿದ್ದಿಕೊಳ್ಳಬೇಕಾಗಿದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು, ಜೋಧಪುರಗಳ ಅಶ್ವದಳಗಳು ಹೈಫಾ ನಗರವನ್ನು ಗೆದ್ದ ಸಾಹಸವನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಆ ರಣರಂಗದಲ್ಲಿ ದುಡಿದ ಬ್ರಿಟಿಷ್ ಸೇನೆಯ ಕುದುರೆಗಳಲ್ಲಿ ಸಾವಿರಾರು, ಯುದ್ಧಾನಂತರ ಈಜಿಪ್ಟಿನಲ್ಲಿ ಮಾರಲ್ಪಟ್ಟು ಕಲ್ಲುಗಣಿ, ಗಾಡಿಗಳ ದುಡಿಮೆಗೆ ಬಿದ್ದವು. 1930ರಲ್ಲಿ ಕೈರೋಗೆ ಬಂದ ಡೊರೊಥಿ ಬ್ರೂಕ್ ಎಂಬ ಮಹಿಳೆ ಅವುಗಳನ್ನು ಕಂಡು, ಮರುವರ್ಷ ಲಂಡನ್ನಿನ ಪತ್ರಿಕೆಗೆ ಬರೆದು ಹಣ ಕೂಡಿಸಿ, ಸುಮಾರು 5,000 ಮುದಿ ಕುದುರೆಗಳನ್ನು ಕೊಂಡಳು. ಅವುಗಳಲ್ಲಿ ಬಹುಪಾಲು ಎಷ್ಟು ಜರ್ಜರಿತವಾಗಿದ್ದವೆಂದರೆ, ಕೆಲವು ದಿನ ಮೇವು, ನೀರು, ವಿಶ್ರಾಂತಿಗಳನ್ನಿತ್ತು, ಬಳಿಕ ನೋವಿಲ್ಲದಂತೆ ಜೀವ ಬಿಡಿಸುವುದೊಂದೇ ಅವಳು ಮಾಡಬಹುದಾಗಿದ್ದ ಉಪಕಾರ. 1934ರಲ್ಲಿ ಅವಳು ಸ್ಥಾಪಿಸಿದ ಆಸ್ಪತ್ರೆಯಿಂದ ಬೆಳೆದ ಸಂಸ್ಥೆ ಇಂದು ಭಾರತದಲ್ಲಿಯೂ ದುಡಿಯುವ ಕುದುರೆ ಕತ್ತೆಗಳ ಸೇವೆ ಮಾಡುತ್ತಿದೆ. ಒಂದು ಸಾವಿನಿಂದ ನೊಂದವನು ರಕ್ಷಿಸಿ ತಂದ ಕುದುರೆಯ ಸಾವನ್ನೂ ಎದುರಿಸಬೇಕಾಗಬಹುದು; ಆ ಸಾಧ್ಯತೆಯನ್ನು ಮೊದಲೇ ಅವನಿಗೆ ತಿಳಿಸದವನು ಹಿತೈಷಿಯಲ್ಲ.

ಕುದುರೆಯ ಸಹವಾಸ ಚಿಕಿತ್ಸೆಯೇ ಆಗಬಲ್ಲುದೇ ಎಂದರೆ, ಉತ್ತರವನ್ನು ಜಾಗರೂಕತೆಯಿಂದ ಕೊಡಬೇಕು. ಪೋಲಿಯೋದಿಂದ ಕಾಲಿನ ಸ್ವಾಧೀನ ಕುಂದಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಅಶ್ವಾರೋಹಣದಲ್ಲಿ ಬೆಳ್ಳಿಯ ಪದಕ ಗೆದ್ದ ಮೇಲೆ ಶರೀರಚಿಕಿತ್ಸೆಗೆ ಕುದುರೆಯನ್ನು ಬಳಸುವ ಉತ್ಸಾಹ ಹಬ್ಬಿತು. ಮಾನಸಿಕ ವ್ಯಾಧಿಗಳ ವಿಷಯದಲ್ಲಾದರೋ, 2014ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಅದುವರೆಗಿನ ಅಧ್ಯಯನಗಳನ್ನೆಲ್ಲ ತೂಗಿ, ಪ್ರಯೋಜನವನ್ನು ಸ್ಥಾಪಿಸುವಷ್ಟು ದೃಢವಾದ ಪ್ರಮಾಣವಿಲ್ಲವೆಂದು ಹೇಳಿತು. ಶೋಕವು ತಿಂಗಳುಗಟ್ಟಲೆ ತೀವ್ರತೆ ಕುಗ್ಗದೆ ನಿತ್ಯದ ಬಾಳನ್ನೇ ನಿಲ್ಲಿಸಿಬಿಟ್ಟರೆ ಅದು ಚಿಕಿತ್ಸೆಗೆ ಯೋಗ್ಯವಾದ ದೀರ್ಘಶೋಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣ ಈಗ ಗುರುತಿಸುತ್ತದೆ; ಅದರ ಅವಧಿ ಕನಿಷ್ಠ ಆರು ತಿಂಗಳು. ಅಂಥವರು, ವಿಶೇಷವಾಗಿ ಬದುಕೇ ಬೇಡವೆನಿಸಿದವರು, ಕುದುರೆಯನ್ನು ಹುಡುಕುತ್ತ ಕಾಲ ಕಳೆಯಬಾರದು. 2022ರ ಅಕ್ಟೋಬರಿನಲ್ಲಿ ಭಾರತ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಯಲ್ಲಿ ಶುಲ್ಕವಿಲ್ಲದೆ ಕರೆಯಬಹುದು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅಲ್ಲಿ ಮಾತಾಡುವವರಿದ್ದಾರೆ.

ಕೊನೆಯದಾಗಿ, ಒಬ್ಬ ಮನುಷ್ಯನಿಗೆ ಒಂದು ಕುದುರೆ ಸಾಕೆಂಬ ಕಲ್ಪನೆ. ನಮ್ಮ ಏಕಾಂತವನ್ನು ಕಳೆಯಲೆಂದು ತಂದ ಪ್ರಾಣಿಯನ್ನು ಏಕಾಂಗಿಯಾಗಿ ಕಟ್ಟಿಹಾಕುವುದು ಅನ್ಯಾಯ. ಕುದುರೆ ಹಿಂಡಿನಲ್ಲಿ ಬಾಳುವ ಪ್ರಾಣಿ. ಅದು ನಿಂತೇ ನಿದ್ರಿಸುವುದೆಂಬುದು ಅರ್ಧಸತ್ಯ; ಗಾಢವಾದ ಸ್ವಪ್ನನಿದ್ರೆಗೆ ಅದು ಮಲಗಲೇಬೇಕು, ಮಲಗಬೇಕಾದರೆ ಸುರಕ್ಷಿತವೆಂಬ ಭಾವ ಬೇಕು, ಆ ಭಾವವನ್ನು ಕೊಡುವುದು ಬಹುಮಟ್ಟಿಗೆ ಪಕ್ಕದಲ್ಲಿ ಎಚ್ಚತ್ತಿರುವ ಇನ್ನೊಂದು ಕುದುರೆ. ಚೆನ್ನಾಗಿ ಸಾಕಿದ ಕುದುರೆ 25ರಿಂದ 30 ವರ್ಷ ಬಾಳಬಲ್ಲುದು. ಅರುವತ್ತು ದಾಟಿದವರು ಹತ್ತು ವರ್ಷದ ಕುದುರೆಯನ್ನು ಮನೆಗೆ ತಂದರೆ, ತಮ್ಮ ಅನಂತರ ಅದರ ಭಾರ ಹೊರುವವರು ಯಾರು, ಮೇವಿಗೂ ಗೊರಸು ಕತ್ತರಿಸುವುದಕ್ಕೂ ಹಣವೆಲ್ಲಿಂದ, ಯಾವ ವೈದ್ಯರನ್ನು ಕರೆಯತಕ್ಕದ್ದು ಎಂಬುದನ್ನೆಲ್ಲ ಕುದುರೆ ಬರುವ ಮುನ್ನವೇ ಬರೆದಿಟ್ಟು, ಮನೆಯವರ ಒಪ್ಪಿಗೆ ಪಡೆದಿರಬೇಕು. ಅದರ ಜೊತೆಗಾರ ಕುದುರೆಯನ್ನು ಅದರಿಂದ ಅಗಲಿಸಿ ಮಾರಕೂಡದೆಂಬ ಮಾತೂ ಆ ಕಾಗದದಲ್ಲಿರಲಿ. ಜೊತೆಯನ್ನು ಕಳೆದುಕೊಂಡ ಕುದುರೆ ಮೇವು ಬಿಟ್ಟು, ಕೆನೆಯುತ್ತ ಬೇಲಿಯುದ್ದಕ್ಕೂ ಅಲೆಯುವುದನ್ನು ಲಾಯಗಳಲ್ಲಿ ಕೆಲಸ ಮಾಡಿದವರು ಮತ್ತೆ ಮತ್ತೆ ಕಂಡಿದ್ದಾರೆ.