ಬೆಂದ ಲೋಹಕ್ಕೆ ಬೆಸುಗೆ

ಎರಕ ಎಂಬ ಮಾತಿಗೆ ಹಳಗನ್ನಡದಲ್ಲಿ ಕರಗಿಸಿ ಹೊಯ್ದ ಲೋಹವೆಂಬ ಅರ್ಥವೂ ಉಂಟು, ಪ್ರೀತಿಯೆಂಬ ಅರ್ಥವೂ ಉಂಟು. ಬೆಸುಗೆಯೂ ಅಂಥದೇ ಮಾತು. ಲೋಹದ ಜೋಡಣೆಗೂ ಮನಸ್ಸುಗಳ ಕೂಟಕ್ಕೂ ಸಲ್ಲುತ್ತದೆ. ಮೂವತ್ತು ವರ್ಷ ತರಗತಿಯಲ್ಲಿ ಈ ಮಾತುಗಳಿಗೆ ಅರ್ಥ ಹೇಳುತ್ತ ಬಂದ ನನಗೆ, ಎರಕಕ್ಕೆ ಬೆಸುಗೆ ಹಾಕುವುದು ಎಂಥ ಕಷ್ಟದ ಕೆಲಸವೆಂಬುದು ತಿಳಿದದ್ದು ನಿವೃತ್ತನಾದ ಮೇಲೆ. ತಿಳಿಸಿದವನು ನನ್ನ ಅಕ್ಕನ ಮಗ. ದೂರದ ಒಂದು ಪೆಟ್ರೋ ರಾಸಾಯನಿಕ ಕಾರ್ಖಾನೆಯಲ್ಲಿ ಅವನು ವೆಲ್ಡರ್. ಅವನಿಂದ ಕೇಳಿದ್ದನ್ನೂ, ಆ ಬಳಿಕ ಕುತೂಹಲದಿಂದ ಓದಿ ಅರಿತದ್ದನ್ನೂ ಕೇಳುಗರ ಮುಂದಿಡುತ್ತಿದ್ದೇನೆ.

ನಾವು ದಿನವೂ ಬಳಸುವ ಪ್ಲಾಸ್ಟಿಕ್ ಕೊಡ, ಚೀಲಗಳ ಮೂಲದಲ್ಲಿ ಎಥಿಲೀನ್ ಎಂಬ ಅನಿಲವಿದೆ. ನಾಫ್ತಾ ಎಂಬ ಹಗುರವಾದ ಎಣ್ಣೆಯನ್ನು ಹಬೆಯೊಡನೆ ಬೆರೆಸಿ, ಕುಲುಮೆಯೊಳಗೆ ತೂಗುಬಿಟ್ಟ ಕೊಳವೆಗಳಲ್ಲಿ ಹರಿಸುತ್ತಾರೆ. ಹೊರಗೆ ಉರಿ, ಒಳಗೆ ಆವಿ. ಎಂಟುನೂರು ಡಿಗ್ರಿ ಸೆಲ್ಸಿಯಸ್ ದಾಟಿದ ಕಾವಿನಲ್ಲಿ, ಒಂದು ಸೆಕೆಂಡು ತುಂಬುವುದರೊಳಗೆ, ಎಣ್ಣೆಯ ಅಣುಗಳು ಒಡೆದು ಎಥಿಲೀನ್ ಹುಟ್ಟುತ್ತದೆ. ಕೊಳವೆಯ ಲೋಹವಂತೂ ಕೆಲವೆಡೆ 1,100 ಡಿಗ್ರಿಯವರೆಗೆ ಕಾಯುತ್ತದೆ. ಗೊಬ್ಬರಕ್ಕೆ ಬೇಕಾದ ಅಮೋನಿಯಾ ತಯಾರಿಸಲು ಜಲಜನಕ ತೆಗೆಯುವ ಕುಲುಮೆಗಳಲ್ಲೂ ಇದೇ ಕುಲದ ಕೊಳವೆಗಳಿವೆ. 1976ರಲ್ಲಿ ನಮ್ಮ ಪಣಂಬೂರಿನಲ್ಲಿ ಗೊಬ್ಬರದ ಕಾರ್ಖಾನೆ ಆರಂಭವಾದಾಗ ಈ ವಿದ್ಯೆ ಕನ್ನಡ ನಾಡಿಗೂ ಬಂದಿತ್ತು.

ಅಂಥ ಕಾವಿನಲ್ಲಿ ಸಾಧಾರಣ ಉಕ್ಕು ತನ್ನ ಭಾರಕ್ಕೆ ತಾನೇ ಜಗ್ಗಿ ಸೋತುಹೋಗುತ್ತದೆ. ಆದ್ದರಿಂದ ಕಬ್ಬಿಣಕ್ಕೆ ನೂರಕ್ಕೆ 25 ಪಾಲು ಕ್ರೋಮಿಯಂ, 20 ಪಾಲು ನಿಕಲ್ ಬೆರೆಸುತ್ತಾರೆ. ಇನ್ನೂ ಹೆಚ್ಚಿನ ಕಾವಿಗೆ ನಿಕಲ್ 35 ಪಾಲಿಗೆ ಏರುತ್ತದೆ. ಇಂಗಾಲ ನೂರಕ್ಕೆ ಅರ್ಧ ಪಾಲಿಗಿಂತ ಕಡಿಮೆ. ಕರಗಿದ ಲೋಹವನ್ನು ವೇಗವಾಗಿ ತಿರುಗುವ ಅಚ್ಚಿನೊಳಗೆ ಹೊಯ್ದರೆ ಅದು ಗೋಡೆಗೆ ಒತ್ತಿಕೊಂಡು ಕೊಳವೆಯಾಗುತ್ತದೆ. ಹಗುರವಾದ ಕಸರು ಒಳಮೈಗೆ ಸರಿಯುತ್ತದೆ; ಅದನ್ನು ಯಂತ್ರದಿಂದ ಹೆರೆದು ತೆಗೆಯುತ್ತಾರೆ. ಇಂಥ ಕೊಳವೆಗೆ ಒಂದು ಲಕ್ಷ ಗಂಟೆಗಳ, ಎಂದರೆ ಹನ್ನೊಂದು ವರ್ಷಕ್ಕೆ ಸ್ವಲ್ಪ ಮಿಕ್ಕ ಆಯುಸ್ಸನ್ನು ಲೆಕ್ಕಹಾಕುವುದು ವಾಡಿಕೆ.

ವೈಚಿತ್ರ್ಯವಿರುವುದು ಆ ಅಲ್ಪ ಇಂಗಾಲದಲ್ಲಿ. ಅದು ಕ್ರೋಮಿಯಮ್ಮಿನೊಡನೆ ಕೂಡಿ ಕಾರ್ಬೈಡ್ ಎಂಬ ಗಡಸು ಕಣಗಳ ಬಲೆಯನ್ನು ಹೆಣೆದು, ಕಾದ ಲೋಹ ಜಗ್ಗದಂತೆ ತಡೆಯುತ್ತದೆ. ಆದರೆ ವರ್ಷಗಟ್ಟಲೆ ಉರಿಯಲ್ಲಿದ್ದಂತೆ ಇಂಥ ಕಣಗಳು ಮತ್ತಷ್ಟು ಹುಟ್ಟುತ್ತವೆ. ಹೊಸದರಲ್ಲಿ ಮುರಿಯುವ ಮೊದಲು ನೂರಕ್ಕೆ ಹತ್ತು ಪಾಲಿನಷ್ಟು ಹಿಗ್ಗಬಲ್ಲ ಲೋಹ, ಆರಿದ ಸ್ಥಿತಿಯಲ್ಲಿ ಎರಡು ಮೂರು ಪಾಲೂ ಹಿಗ್ಗದಂತಾಗುತ್ತದೆ. ಉರಿಯಲ್ಲಿ ಗಟ್ಟಿಗ, ತಣ್ಣಗಾದರೆ ಮಡಕೆಯಂತೆ ಪೆಡಸು. ಬೆಸುಗೆ ಹಾಕಬೇಕಾದದ್ದು ಅದು ತಣ್ಣಗಾದಾಗಲೇ!

ಅಳಿಯ ಕೆಲಸಕ್ಕೆ ಸೇರಿದ ಹೊಸತು. ಕುಲುಮೆಯನ್ನು ರಿಪೇರಿಗೆಂದು ನಿಲ್ಲಿಸಿದ್ದರು. ಅವರ ಮಾತಿನಲ್ಲಿ ಅದು ಶಟ್‌ಡೌನ್. ಏಳೆಂಟು ವರ್ಷ ಬೆಂದಿದ್ದ ಕೊಳವೆಯೊಂದರ ಬಿರುಕನ್ನು ಉಜ್ಜಿ ತೆಗೆದು, ಹೊಸ ಲೋಹಕ್ಕೆ ಹಾಕುವಂತೆಯೇ ಬೆಸುಗೆ ಹಾಕಿದ. ನೋಡಲು ಅಂದವಾಗಿತ್ತಂತೆ. “ಚಹಾ ಕುಡಿಯಲು ಕೂತಿದ್ದೆ ಮಾವ, ಟಿಣ್ ಅಂತ ಸದ್ದಾಯಿತು. ನನ್ನ ಬೆಸುಗೆ ಹಾಗೇ ಇತ್ತು. ಅದರ ಪಕ್ಕದಲ್ಲೇ ಹಳೇ ಲೋಹ ಸೀಳಿತ್ತು” ಎಂದ. ಕರಗಿದ ಬೆಸುಗೆ ಆರುತ್ತ ಕುಗ್ಗುತ್ತದೆ, ಪಕ್ಕದ ಲೋಹವನ್ನು ಎಳೆಯುತ್ತದೆ. ಆ ಎಳೆತಕ್ಕೆ ಮಣಿಯುವ ಶಕ್ತಿ ಮುದಿ ಲೋಹದಲ್ಲಿ ಉಳಿದಿರಲಿಲ್ಲ.

ಇದಕ್ಕೆ ಮದ್ದು ಮತ್ತೊಮ್ಮೆ ಬೆಂಕಿಯೇ. ಹರಳುಗಟ್ಟಿದ ಜೇನುತುಪ್ಪವನ್ನು ಬಿಸಿನೀರಿನಲ್ಲಿಟ್ಟು ತಿಳಿಗೊಳಿಸುವುದನ್ನು ನೀವು ಬಲ್ಲಿರಿ. ಹಾಗೆಯೇ, ಬಿರುಕಿನ ಆಸುಪಾಸಿನ ಲೋಹವನ್ನು ಸುಮಾರು 1,150ರಿಂದ 1,200 ಡಿಗ್ರಿಗೆ ಕಾಯಿಸಿ ಕೆಲವು ತಾಸು ಹಿಡಿದಿಟ್ಟರೆ, ಮುಪ್ಪಿನಲ್ಲಿ ಮೂಡಿದ ಕಣಗಳು ಬಹುಮಟ್ಟಿಗೆ ಲೋಹದಲ್ಲಿ ಕರಗುತ್ತವೆ. ಅದು ಬಾಗುವ ಗುಣವನ್ನು ಮರಳಿ ಪಡೆಯುತ್ತದೆ. ಬೆಸುಗೆಗೆ ಅಷ್ಟು ಅವಕಾಶ ಸಾಕು.

ಬೆಸುಗೆಯ ಕ್ರಮದಲ್ಲಿಯೂ ಸಂಯಮ ಬೇಕು. ಮೊದಲು ಬಿರುಕಿನ ಬುಡ ಕಾಣುವವರೆಗೆ ಗ್ರೈಂಡರಿನಿಂದ ಉಜ್ಜಬೇಕು. ಕೆಂಪು ಬಣ್ಣದ ದ್ರವ ಬಳಿದು, ಒರೆಸಿ, ಮೇಲೆ ಬಿಳಿಯ ಪುಡಿಯ ಲೇಪ ಹಾಕಿದರೆ, ಉಳಿದ ಬಿರುಕು ಕೆಂಪು ಗೆರೆಯಾಗಿ ಒಸರುತ್ತದೆ. ಸತು, ಸೀಸ, ಗಂಧಕಗಳ ಸೋಂಕು ತಗಲಕೂಡದು. ಗುರುತು ಹಾಕಿದ ಬಣ್ಣದಲ್ಲಿ ಅವು ಇದ್ದರೂ ಬೆಸುಗೆ ಬಿರಿಯಬಹುದು. ಆಮೇಲೆ, ಕೆಲಸಗಾರರು ಆರ್ಗಾನ್ ಎಂದೇ ಕರೆಯುವ ವಿಧಾನದಲ್ಲಿ, ಆ ಅನಿಲದ ಮರೆಯಲ್ಲಿ, ಸಪೂರವಾದ ಎಳೆಗಳನ್ನು ಒಂದೊಂದಾಗಿ ಹಾಕಬೇಕು. ಒಂದು ಎಳೆ ಆರಿದ ಮೇಲೆಯೇ ಇನ್ನೊಂದು. ಈ ಲೋಹ ಸಾಧಾರಣ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಶಾಖವನ್ನು ಮಾತ್ರ ಬೇಗನೆ ಹರಿಯಗೊಡದು. ಅವಸರಪಟ್ಟರೆ ಕಾವೆಲ್ಲ ಒಂದೆಡೆ ನಿಂತು ಎಳೆತ ಹೆಚ್ಚುತ್ತದೆ.

ಇಷ್ಟೆಲ್ಲ ಮಾಡಿಯೂ ಮರಳಿ ಬಾರದ್ದು ಎರಡುಂಟು. ವರ್ಷಗಳ ಜಗ್ಗಾಟದಲ್ಲಿ ಲೋಹದೊಳಗೆ ಹುಟ್ಟಿದ ಸೂಕ್ಷ್ಮ ರಂಧ್ರಗಳು ಮುಚ್ಚುವುದಿಲ್ಲ. ಎಣ್ಣೆ ಒಡೆಯುವಾಗ ಕೊಳವೆಯ ಒಳಮೈಗೆ ಅಂಟುವ ಗಟ್ಟಿ ಮಸಿಯಿಂದ ಲೋಹದೊಳಗೆ ಇಳಿದ ಇಂಗಾಲವೂ ಹೊರಗೆ ಬರುವುದಿಲ್ಲ. ಈ ಎರಡನೆಯ ರೋಗವನ್ನು ಗುರುತಿಸಲು ಅಳಿಯನ ಜೇಬಿನಲ್ಲಿ ಒಂದು ಸೂಜಿಗಲ್ಲು ಇರುತ್ತದೆ. ಹೊಸ ಕೊಳವೆಗೆ ಅದು ಅಂಟುವುದಿಲ್ಲ. ಇಂಗಾಲ ಹೊಕ್ಕು ಕ್ರೋಮಿಯಮ್ಮನ್ನು ಕಸಿದುಕೊಂಡ ಮೇಲೆ ಉಳಿದ ಲೋಹ ಅದನ್ನು ಸೆಳೆಯುತ್ತದೆ. ಹೊರಮೈಯ ಚಕ್ಕೆಯ ಕೆಳಗಿನ ತೆಳುಪದರವೂ ಸೆಳೆಯಬಹುದಾದ್ದರಿಂದ, ಅದನ್ನು ಉಜ್ಜಿ ತೆಗೆದೇ ಪರೀಕ್ಷಿಸಬೇಕು.

ಕೆಲವು ವರ್ಷಗಳ ಹಿಂದೆ ಮೇಲಧಿಕಾರಿಯೊಬ್ಬರು ಅವನಿಗೆ ಒಂದು ಬಿರುಕನ್ನು ತೋರಿಸಿ, ರಾತ್ರಿಯೊಳಗೆ ಮುಗಿಸಬೇಕೆಂದರು. ಅವರ ಅವಸರವೂ ನಿಷ್ಕಾರಣವಲ್ಲ. ಕುಲುಮೆ ನಿಂತ ದಿನ ನಷ್ಟದ ದಿನ. ಅಳಿಯ ಮೈ ಉಜ್ಜಿ ಸೂಜಿಗಲ್ಲು ಹಿಡಿದ. ಅದು ಕಚ್ಚಿಕೊಂಡಿತು. “ಇದಕ್ಕೆ ನಾನು ಬೆಸುಗೆ ಹಾಕುವುದಿಲ್ಲ ಸಾರ್, ಕೊಳವೆ ಬದಲಿಸಬೇಕು” ಎಂದ. ಹಠಮಾರಿ ಎನ್ನಿಸಿಕೊಂಡ. ಬದಲಿಸುವುದೆಂದರೂ ಹೊಸ ತುಂಡನ್ನು ಹಳೆಯ ಕೊಳವೆಯ ತುದಿಗೇ ಸೇರಿಸಬೇಕಷ್ಟೆ. ಆ ತುದಿಯಲ್ಲಿ ಇಂಗಾಲ ಹೊಕ್ಕಿಲ್ಲವೆಂದು ನೋಡಿಕೊಂಡು, ಅದನ್ನು ಮತ್ತೆ ತಾಸುಗಟ್ಟಲೆ ಕಾಯಿಸಬೇಕು. ಬೆಸೆದ ಜಾಗ ಉರಿಯ ನಡುವೆ ಬಾಯಿಬಿಟ್ಟರೆ ಸುಡುಗಾವಿನ ಆವಿ ಅಲ್ಲಿಯೇ ಹೊತ್ತಿಕೊಳ್ಳುತ್ತದೆಂಬುದನ್ನು ಬಲ್ಲ ಹಿರಿಯ ಎಂಜಿನಿಯರೊಬ್ಬರು ಅವನ ಮಾತಿಗೆ ಒಪ್ಪಿದರು. ಕತ್ತರಿಸಿದ ಅಂಚಿಗೆ ಸೂಜಿಗಲ್ಲು ಮುಟ್ಟಿಸಿದಾಗ, ದಪ್ಪದ ಅರ್ಧಕ್ಕಿಂತ ಹೆಚ್ಚು ಭಾಗ ಅದನ್ನು ಹಿಡಿದುಕೊಂಡಿತು.

ಮೂರು ದಿನ ತಡವಾಯಿತು. ಬಳಿಕ ಕುಲುಮೆಗೆ ಮೆಲ್ಲಮೆಲ್ಲನೆ ಕಾವು ಏರಿಸಿದರು. ಪಾಳಿ ಮುಗಿದಿದ್ದರೂ ಅಳಿಯ ಮನೆಗೆ ಹೋಗಲಿಲ್ಲವಂತೆ. ಗೋಡೆಯ ಇಣುಕುಗಂಡಿಯ ಬಳಿ ನಿಂತು, ಸಾಲಿನಲ್ಲಿ ತೂಗುತ್ತಿದ್ದ ಕೊಳವೆಗಳಲ್ಲಿ ತಾನು ಬೆಸೆದದ್ದು ಯಾವುದೆಂದು ಹುಡುಕಿದನಂತೆ. ಎಲ್ಲವೂ ಒಂದೇ ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು; ಗುರುತು ಸಿಗಲಿಲ್ಲ ಎಂದ.