ಎಲೆಯಡಿಯ ಕಂದು ಚುಕ್ಕೆ



ಮಳೆ ಹಿಡಿಯಿತೆಂದರೆ ಧರೆಯ ಮೇಲೆ, ಬಾವಿಯ ಕಲ್ಲಿನ ಸಂದಿಯಲ್ಲಿ ಜರಿಗಿಡ ಚಿಗುರುತ್ತದೆ. ಕೊಳೆತ ಮರದ ಮೇಲೆ ಅಣಬೆ ಏಳುತ್ತದೆ. ಇವಕ್ಕೆ ಹೂವೂ ಇಲ್ಲ, ಕಾಯಿಯೂ ಇಲ್ಲ. ಹಾಗಾದರೆ ಬಿತ್ತಿದವರು ಯಾರು?

ಬಲಿತ ಜರಿ ಎಲೆಯನ್ನು ಮಗುಚಿ ನೋಡಿ. ಸಾಲಾಗಿ ಕಂದು ಚುಕ್ಕೆ ಅಥವಾ ಗೆರೆ ಕಾಣುತ್ತದೆ. ಎಷ್ಟೋ ಜನ ಇದನ್ನು ರೋಗ ಅಂತಲೋ ಹುಳದ ಮೊಟ್ಟೆ ಅಂತಲೋ ತಿಳಿಯುತ್ತಾರೆ. ಎರಡೂ ಅಲ್ಲ. ಒಂದೊಂದು ಚುಕ್ಕೆಯೂ ಪುಟ್ಟ ಚೀಲಗಳ ಗುಂಪು. ಹೆಚ್ಚಿನ ಜರಿಗಳಲ್ಲಿ ಒಂದು ಚೀಲದೊಳಗೆ 64 ಬೀಜಾಣುಗಳಿರುತ್ತವೆ. ಬೀಜಾಣು ಅಂದರೆ ಒಂದೇ ಜೀವಕೋಶದ ಕಣ. ಚೀಲಕ್ಕೆ ಸುತ್ತಿಕೊಂಡಂತೆ ಒಂದು ಪಟ್ಟಿ ಇದೆ. ಅದರ ನೀರು ಆರಿದಾಗ ಪಟ್ಟಿ ಹಿಂದಕ್ಕೆ ಬಾಗಿ ಚೀಲ ಒಡೆಯುತ್ತದೆ. ಆಮೇಲೆ ಕವಣೆಯ ಹಾಗೆ ಫಟ್ಟನೆ ಮುಂದಕ್ಕೆ ಬಂದು ಬೀಜಾಣುಗಳನ್ನು ಎಸೆಯುತ್ತದೆ! ತೇವದ ಜಾಗದಲ್ಲಿ ಬಿದ್ದ ಬೀಜಾಣು ಮೊದಲು ಹೃದಯದ ಆಕಾರದ ಪುಟ್ಟ ಹಸಿರು ಬಿಲ್ಲೆಯಾಗುತ್ತದೆ. ಅದರಲ್ಲಿ ಗಂಡು ಕೋಶ ನೀರಿನಲ್ಲಿ ಈಜಿ ಹೆಣ್ಣು ಕೋಶವನ್ನು ಸೇರಿದ ಮೇಲೆ ಜರಿಗಿಡ ಹುಟ್ಟುತ್ತದೆ. ಜರಿಗೆ ತೇವ ಬೇಕೇ ಬೇಕು ಅನ್ನುವುದು ಇದಕ್ಕೇ.

ಒಂದು ಮಾತು. ನಾವು ಕೈಮೇಲೆ ಒತ್ತಿ ಬಿಳಿ ಅಚ್ಚು ಹಾಕಿಕೊಳ್ಳುವ ಜರಿ ಇದೆಯಲ್ಲ, ಆ ಬಿಳಿ ಪುಡಿ ಬೀಜಾಣು ಅಲ್ಲ. ಅದು ಮೇಣದಂಥ ಪುಡಿ. ಬೀಜಾಣು ಚೀಲಗಳು ಅದರ ನಡುವೆ ಕಪ್ಪಗೆ ಕಾಣುತ್ತವೆ.

ಅಣಬೆ ಸಸ್ಯವಲ್ಲ, ಶಿಲೀಂಧ್ರ. ಅದರ ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ತೆಳು ಪದರಗಳಿವೆ. ಅವುಗಳ ಮೈಮೇಲಿನ ಸೂಕ್ಷ್ಮ ಕೋಶಗಳ ತುದಿಯಲ್ಲಿ ಸಾಮಾನ್ಯವಾಗಿ 4 ಬೀಜಾಣುಗಳು ಬೆಳೆದು ಉದುರುತ್ತವೆ. ಹಳೇ ರೊಟ್ಟಿಯ ಬೂಷ್ಟಿನಲ್ಲಿ ಗುಂಡುಸೂಜಿಯ ತಲೆಯಂತೆ ಕಾಣುವ ಕರಿ ಚುಕ್ಕೆಗಳೂ ಬೀಜಾಣು ಚೀಲಗಳೇ.

ನೀವೂ ಮಾಡಿ ನೋಡಿ: ಅರಳಿದ ಅಣಬೆಯ ದಂಟು ತೆಗೆದು, ಕೊಡೆಯನ್ನು ಪದರ ಕೆಳಗಾಗುವಂತೆ ಕಾಗದದ ಮೇಲಿಟ್ಟು, ಒಂದು ರಾತ್ರಿ ಬೋಗುಣಿ ಮುಚ್ಚಿಡಿ. ಬೆಳಿಗ್ಗೆ ಬೀಜಾಣುಗಳ ಚಿತ್ರವೇ ಮೂಡಿರುತ್ತದೆ! ಗೊತ್ತಿಲ್ಲದ ಅಣಬೆಯನ್ನು ಬಾಯಿಗೆ ಹಾಕಬೇಡಿ, ಕೈ ತೊಳೆದುಕೊಳ್ಳಿ.

ಇದರಿಂದ ಏನು ಉಪಯೋಗ ಅಂತ ಕೇಳಬಹುದು. ಅಡಿಕೆ ತೋಟದ ಕೊಳೆರೋಗ ನೋಡಿ. ಅದನ್ನು ತರುವ ಜೀವಿ ನಿಜವಾದ ಶಿಲೀಂಧ್ರವಲ್ಲ, ಆದರೆ ಅದಕ್ಕೂ ಬೀಜಾಣು ಚೀಲಗಳಿವೆ. ಕೊಳೆತ ಕಾಯಿಯ ಮೇಲಿನ ಬಿಳಿ ಬೂಷ್ಟಿನಲ್ಲಿ ಅವು ಹುಟ್ಟುತ್ತವೆ. ಮಳೆಹನಿ ಸಿಡಿದಾಗ, ಗಾಳಿ ಬೀಸಿದಾಗ ಬೇರೆ ಗೊನೆಗೆ ಹೋಗುತ್ತವೆ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಬೀಜಾಣು ಮೊಳೆಯದಂತೆ ತಡೆಯುತ್ತದೆ, ಕೊಳೆತ ಕಾಯಿಯನ್ನು ಮತ್ತೆ ಸರಿಮಾಡುವುದಿಲ್ಲ. ಅದಕ್ಕೇ ಮಳೆ ಜೋರಾಗುವ ಮೊದಲೇ ಔಷಧಿ ಹೊಡೆಯುತ್ತಾರೆ. ಉದುರಿದ ಕೊಳೆ ಕಾಯಿಯನ್ನು ಮರದ ಬುಡದಲ್ಲಿ ಬಿಟ್ಟರೆ ನಾವೇ ರೋಗ ಬಿತ್ತಿದ ಹಾಗೆ. ಅದನ್ನು ಹೆಕ್ಕಿ ನಾಶಮಾಡುವ ಕೆಲಸಕ್ಕೆ ನಾವು ಮಕ್ಕಳೂ ಸೇರಬಹುದಲ್ಲವೇ?

– 7ನೇ ತರಗತಿ